ನಮ್ಮ ಎಂಪಿ ಯಾರು?

ಗ್ರಾಮ ಪಂಚಾಯ್ತಿ ಮೆಂಬರು ಯಾರೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಳ ಬಾರದಿದ್ದರೆ ಅವನ ಮನೆಯ ಮುಂದೆ ಖಾಲಿ ಕೊಡ ಇಟ್ಟು ನಾಲ್ಕು ಮಾತು ಅನ್ನಬಹುದು. ಎಂಎಲ್‌ಎ ಸಾಹೇಬರು ಮದುವೆಗೆ ಬಂದು ಅಕ್ಷತೆ ಹಾಕಿ, ಊಟ ಮಾಡಿದೆನೆಂದು ಹೇಳಿ ಉಣ್ಣದೇ ಹೋಗುವುದನ್ನೂ ನೋಡಿದ್ದೇವೆ. ಆದರೆ ಎಂಪಿ? ಅವರು ದೂರದ ಬೀಗರ ಹಾಗೆ. ಇದ್ದಾರೆ ಎಂದು ಗೊತ್ತು, ಎಲ್ಲಿದ್ದಾರೆ ಎಂದು ಗೊತ್ತಿಲ್ಲ.

ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಈ ನಾಲ್ಕು ಊರುಗಳನ್ನು ಬಸ್ಸಿನಲ್ಲಿ ಒಂದೇ ದಿನದಲ್ಲಿ ಸುತ್ತಿ ಬರಬಹುದು. ಕಪ್ಪತಗುಡ್ಡದ ಗಾಳಿ ಎಲ್ಲಕ್ಕೂ ಬೀಸುತ್ತದೆ. ಆದರೂ ಸ್ವಾತಂತ್ರ್ಯಕ್ಕೆ ಮುಂಚೆ ಇವುಗಳ ಒಡೆಯರೇ ಬೇರೆ ಬೇರೆ. ಗದಗ, ಮುಂಡರಗಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿ. ಲಕ್ಷ್ಮೇಶ್ವರ ಮೀರಜಿನ ಪಟವರ್ಧನರದು. ಶಿರಹಟ್ಟಿ ಸಾಂಗಲಿಯ ಪಟವರ್ಧನರದು. ಮುಂಡರಗಿಯಿಂದ ಆಚೆ ಕೊಪ್ಪಳದ ಕಡೆ ಹೊರಟರೆ ನಿಜಾಮನ ಸೀಮೆ. ತವರಿನಿಂದ ಗಂಡನ ಮನೆಗೆ ಹೊರಟ ಹುಡುಗಿ ಒಂದು ಸಂಸ್ಥಾನದಿಂದ ಇನ್ನೊಂದು ಸಂಸ್ಥಾನಕ್ಕೆ ಹೋಗಿ ಇಳಿಯುತ್ತಿದ್ದಳು. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಲೀನವಾದವು. ಅದೇ ಹೊತ್ತಿಗೆ, 1947-48ರಲ್ಲಿ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ರಜಾಕಾರರ ವಿರುದ್ಧ ಶಿಬಿರ ನಡೆಯಿತು. ಅದೇ ಶಿವಮೂರ್ತಿಸ್ವಾಮಿಗಳು ಮುಂದೆ ಕೊಪ್ಪಳದಿಂದ ಲೋಕಸಭೆಗೆ ಆರಿಸಿಹೋದರು.

ಮತಪೆಟ್ಟಿಗೆ ಬರುವ ಮುಂಚೆಯೇ ನಮ್ಮವರಿಗೆ ಚುನಾವಣೆಯ ರುಚಿ ಹತ್ತಿತ್ತು ಎಂದು ನನ್ನ ಎಣಿಕೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರಿ ಸಂಘಗಳ ಮಾತು ಬಂದಲ್ಲೆಲ್ಲ ಆ ಊರಿನ ಹೆಸರು ಬರುತ್ತದೆ. ಸಂಘ ಅಂದ ಮೇಲೆ ಚೇರಮನ್ನರು, ಚೇರಮನ್ನರು ಅಂದ ಮೇಲೆ ಎರಡು ಪಾರ್ಟಿ! ಹುಲಕೋಟಿಯ ಕೆ.ಎಚ್. ಪಾಟೀಲರಂಥ ಮುಂದಾಳು ಬೆಳೆದು ಬಂದದ್ದು ಈ ಸಹಕಾರಿ ನೆಲದಿಂದಲೇ.

ಇನ್ನು ಲೋಕಸಭೆಯ ಮಾತು. ಅಖಂಡ ಧಾರವಾಡ ಜಿಲ್ಲೆಗೆ ಉತ್ತರ, ದಕ್ಷಿಣ ಎಂದು ಎರಡು ಕ್ಷೇತ್ರ. 1952ರಲ್ಲೂ 1957ರಲ್ಲೂ ಉತ್ತರಕ್ಕೆ ಡಿ.ಪಿ. ಕರಮರಕರರು, ದಕ್ಷಿಣಕ್ಕೆ ಟಿ.ಆರ್. ನೇಸ್ವಿಯವರು. 1962ರಿಂದ ದಕ್ಷಿಣದಲ್ಲಿ ಎಫ್.ಎಚ್. ಮೊಹಸಿನ್ ಸತತ ಐದು ಸಲ ಗೆದ್ದರು. ಆಮೇಲೆ 1984ರಲ್ಲಿ ಅಜೀಜ್ ಸೇಠ್, 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್, 1996ರಲ್ಲಿ ಐ.ಜಿ. ಸನದಿ. ಎಲ್ಲರೂ ಕಾಂಗ್ರೆಸ್ಸಿನವರು, ಎಲ್ಲರೂ ಮುಸಲ್ಮಾನರು. ಲಿಂಗಾಯತರು, ಕುರುಬರು ಬಹಳವಿರುವ ನಾಡು 36 ವರ್ಷ ಹೀಗೆ ಆರಿಸಿ ಕಳಿಸಿತು. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಫಕೀರನೂ ಈಶ್ವರನೂ ಕೂಡಿದ್ದಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ ದೂದನಾನಾ ದರ್ಗಾವೂ ಎರಡೂ ಇವೆ. ಇದರಿಂದಲೇ ಹೀಗಾಯಿತು ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಜನ ಇಂದಿರಾಬಾಯಿಯ ಚಿಹ್ನೆ ನೋಡಿ ಒತ್ತಿದರು, ಅಭ್ಯರ್ಥಿಯ ಹೆಸರು ಅಡ್ಡ ಬರಲಿಲ್ಲ. ಅಡ್ಡ ಬರಲಿಲ್ಲ ಎಂಬುದೂ ಸಣ್ಣ ಮಾತಲ್ಲ.

1990ರಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಗಾದಿಯಿಂದ ಇಳಿಸಿದ ರೀತಿ ನಮ್ಮ ಕಡೆ ಬಹಳ ಮನೆಗಳಲ್ಲಿ ಕಹಿಯಾಗಿ ಉಳಿಯಿತು. 1998ರಲ್ಲಿ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯಿಂದ ಬಿ.ಎಂ. ಮೆಣಸಿನಕಾಯಿ ಗೆದ್ದರು. 1999ರಲ್ಲಿ ಮತ್ತೆ ಸನದಿ, 2004ರಲ್ಲಿ ಬಿಜೆಪಿಯ ಮಂಜುನಾಥ ಕುನ್ನೂರ. ಅಲ್ಲಿಗೆ ‘ಧಾರವಾಡ ದಕ್ಷಿಣ’ ಎಂಬ ಹೆಸರೇ ಮುಗಿಯಿತು.

ಈಗ ನಾನು ಹೇಳಬೇಕೆಂದು ಕುಳಿತ ಮಾತಿಗೆ ಬರುತ್ತೇನೆ. ಉತ್ತರದಲ್ಲಿ 1962ರಿಂದ ನಾಲ್ಕು ಸಲ ಗೆದ್ದವರು ಸರೋಜಿನಿ ಮಹಿಷಿ. 1927ರಲ್ಲಿ ಹುಟ್ಟಿದ್ದು ನಮ್ಮ ಶಿರಹಟ್ಟಿಯಲ್ಲಿ. ವಕೀಲಿ ಓದಿದವರು, ಡಾಕ್ಟರೇಟ್ ಪಡೆದವರು, ನಮ್ಮ ರಾಜ್ಯದಿಂದ ಲೋಕಸಭೆಗೆ ಹೋದ ಮೊದಲ ಹೆಣ್ಣುಮಗಳು, ಇಂದಿರಾ ಗಾಂಧಿಯವರ ಸರಕಾರದಲ್ಲಿ ಮಂತ್ರಿ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಗಿ ಸ್ವತಃ ಇಂದಿರಾ ಸೋತಾಗಲೂ ಇವರು ಗೆದ್ದರು. ಇವತ್ತಿಗೂ ಕನ್ನಡಿಗರಿಗೆ ನೌಕರಿ ಎಂದರೆ ಬಾಯಿಗೆ ಬರುವುದು ಮಹಿಷಿ ವರದಿ. 1983ರಲ್ಲಿ ನೇಮಕವಾದ ಆ ಸಮಿತಿಗೆ ಅಧ್ಯಕ್ಷೆ ಅವರೇ. 2015ರಲ್ಲಿ ತೀರಿಕೊಂಡರು. ವರದಿಯ ಹೆಸರು ಹಿಡಿದು ಕೂಗುವ ಎಷ್ಟೋ ಹುಡುಗರಿಗೆ ಆ ಮಹಿಷಿ ಗಂಡಸೋ ಹೆಂಗಸೋ ತಿಳಿಯದು. ಶಿರಹಟ್ಟಿಯವರೆಂದರೆ ‘ಹೌದೇನ್ರೀ’ ಅನ್ನುತ್ತಾರೆ.

ಅವರ ನಂತರ ಯಾರು? ಉತ್ತರದಲ್ಲಿ ಡಿ.ಕೆ. ನಾಯ್ಕರ್, ವಿಜಯ ಸಂಕೇಶ್ವರ, ಪ್ರಹ್ಲಾದ ಜೋಶಿ. ದಕ್ಷಿಣದ ಪಟ್ಟಿ ಮೇಲೆ ಕೊಟ್ಟೇ ಇದ್ದೇನೆ. 1977ರ ಆ ಗೆಲುವಿನ ಮೇಲೆ ಈ ಕ್ಷೇತ್ರಗಳಿಂದ ಒಬ್ಬ ಹೆಣ್ಣುಮಗಳೂ ದಿಲ್ಲಿಗೆ ಹೋಗಿಲ್ಲ. ನನ್ನ ತಾಯಿಯ ಕಾಲದಲ್ಲಿ ಆದದ್ದು ನನ್ನ ಕಾಲದಲ್ಲಿ ಆಗಲಿಲ್ಲ. ಹೆಣ್ಣುಮಕ್ಕಳ ಶಾಲೆ ಕಡಿಮೆಯಿತ್ತೇ? ಬಿ.ಎ. ಆದವರು ಇರಲಿಲ್ಲವೇ? ಪಂಚಾಯ್ತಿಗಳಲ್ಲಿ 1987ರಿಂದ ಕಾಲುಭಾಗ, 1993ರ ಕಾಯಿದೆಯಿಂದ ಮೂರರಲ್ಲೊಂದು ಭಾಗ, 2010ರಿಂದ ಅರ್ಧ ಸೀಟು ಹೆಂಗಸರಿಗಿದೆ. ಗಂಡ ಸಭೆಗೆ ಬಂದು ಹೆಂಡತಿ ಸಹಿ ಮಾಡಿದ ಕಥೆ ಎಲ್ಲರೂ ಹೇಳುತ್ತಾರೆ. ಎರಡನೆಯ ಸಲ ಆರಿಸಿ ಬಂದು ಗಂಡನನ್ನು ಹೊರಗೆ ಕೂಡಿಸಿದವಳ ಕಥೆಯನ್ನು ಯಾರೂ ಹೇಳುವುದಿಲ್ಲ. ನಾನು ಅಂಥವರಿಬ್ಬರನ್ನು ಬಲ್ಲೆ.

1999ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ಶಿರಹಟ್ಟಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಬೆರಳಿಗೆ ಶಾಯಿ ಹಚ್ಚುವ ಡ್ಯೂಟಿ ಬಿತ್ತು. ಒಬ್ಬ ಮುದುಕಿ ಬಂದಳು. ಹೆಸರು ಹೇಳಿದಳು. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಅಡ್ಡ ಹಿಡಿದಳು. “ಹೇಳಬಾರದ್ರೀ ಅಕ್ಕೋರ.” ಪಟ್ಟಿಯಲ್ಲಿ ಅದೇ ಹೆಸರಿನವರು ಮೂವರು. ಹೇಳದೇ ಗತಿಯಿಲ್ಲ ಅಂದೆವು. ಮುದುಕಿ ಒಂದು ಗಳಿಗೆ ಸುಮ್ಮನೆ ನಿಂತು, ಮದುವೆಯ ಮನೆಯಲ್ಲಿ ಹೇಳುವ ಹಾಗೆ ಒಡಪು ಕಟ್ಟಿ, ಜೋಳದ ತೆನೆ, ಮಠದ ಜಾತ್ರೆ ಎಲ್ಲ ತಂದು ಕೊನೆಗೆ ಗಂಡನ ಹೆಸರು ಸೇರಿಸಿಬಿಟ್ಟಳು. ಎರಡೂ ಪಾರ್ಟಿಯ ಏಜೆಂಟರು ಚಪ್ಪಾಳೆ ತಟ್ಟಿದರು! ಅವತ್ತಿಡೀ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಮತಪತ್ರ ಎರಡು ಕೊಟ್ಟಾಗ ಯಾಕೆಂದು ಕೇಳಿದಳು. ಒಂದು ಬೆಂಗಳೂರಿಗೆ, ಒಂದು ದಿಲ್ಲಿಗೆ ಅಂದೆ. “ದಿಲ್ಲಿಯಂವ ನಮ್ಮೂರಿಗೆ ಬರ್ತಾನೇನು?” ನಾನು ಸರಕಾರಿ ಡ್ಯೂಟಿಯಲ್ಲಿದ್ದವಳು, ಉತ್ತರ ಹೇಳುವ ಹಾಗಿರಲಿಲ್ಲ. ಅವಳ ಹಿಂದೆ ಬಂದ ಸಣ್ಣ ವಯಸ್ಸಿನವಳ ಜೊತೆ ಗಂಡನೂ ಮರೆಯೊಳಗೆ ಹೋಗಲು ನೋಡಿದ. ಪ್ರಿಸೈಡಿಂಗ್ ಆಫೀಸರರು ಗದರಿಸಿ ಹಿಂದಕ್ಕೆ ಕಳಿಸಿದರು. ಮತ ಹಾಕಿ ಬಂದ ಆ ಹುಡುಗಿ ಪಕ್ಕದವಳ ಕಿವಿಯಲ್ಲಿ, “ಅವರು ಹೇಳಿದ್ದೊಂದು, ನಾ ಒತ್ತಿದ್ದೊಂದು” ಅಂದು ನಕ್ಕಳು. ನನಗೆ ಕೇಳಿಸಲಿಲ್ಲ ಎಂಬಂತೆ ಶಾಯಿಯ ಶೀಸೆ ಸರಿಮಾಡುತ್ತ ಕುಳಿತೆ.

1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು. 2008ರ ಪುನರ್ವಿಂಗಡಣೆಯಲ್ಲಿ ಮುಂಡರಗಿ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು, ಶಿರಹಟ್ಟಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಗದಗ, ರೋಣ, ಶಿರಹಟ್ಟಿಗಳು ಹಾವೇರಿ ಲೋಕಸಭೆಗೆ ಸೇರಿದವು, ನರಗುಂದ ಬಾಗಲಕೋಟೆಗೆ. ಹಾವೇರಿ ಜಿಲ್ಲೆಯದೇ ಶಿಗ್ಗಾಂವಿ ಧಾರವಾಡ ಲೋಕಸಭೆಗೆ! ಈ ಲೆಕ್ಕವನ್ನು ಹತ್ತನೆಯ ಇಯತ್ತೆಯ ಮಕ್ಕಳಿಗೆ ತಿಳಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. 2009, 2014, 2019ರಲ್ಲಿ ಹಾವೇರಿಯಿಂದ ಬಿಜೆಪಿಯ ಶಿವಕುಮಾರ ಉದಾಸಿ. 2024ರಲ್ಲಿ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಎದುರಿಗೆ ನಿಂತವರು ಕಾಂಗ್ರೆಸ್ಸಿನ ಆನಂದಸ್ವಾಮಿ ಗಡ್ಡದೇವರಮಠ. ಎರಡೂ ದೊಡ್ಡ ಪಕ್ಷಗಳಿಗೆ ಆಗಲೂ ಹೆಣ್ಣುಮಗಳು ಸಿಗಲಿಲ್ಲ.

ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಬೇಕೆಂದು ಕೇಳುತ್ತ ಎಷ್ಟೋ ಚುನಾವಣೆಗಳು ಹೋದವು. ದೊಡ್ಡ ಕೆಲಸ ಆದಾಗ ಅದು ಎಂಪಿಯಿಂದಲೇ ಆಯಿತೆಂದೂ ಇಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಕೊಡುವ ಮಾತು ಬಂದಾಗ, ರೈತರ ಮುಂದೆ ನಿಂತವರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಸರಕಾರ ಹಿಂದೆ ಸರಿಯಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾದದ್ದರ ಹಿಂದೆಯೂ ಅಂಥದೇ ಹೋರಾಟವಿತ್ತು.

2023ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಮೂರರಲ್ಲೊಂದು ಸೀಟು ಹೆಂಗಸರಿಗೆ ಎಂಬ ಕಾಯಿದೆ ಪಾಸಾಯಿತು. ಜನಗಣತಿ, ಆಮೇಲೆ ಪುನರ್ವಿಂಗಡಣೆ, ಆಮೇಲೆ ಜಾರಿ ಎಂದು ಅದರಲ್ಲೇ ಬರೆದರು. ಇದನ್ನು ಪೇಪರಿನಲ್ಲಿ ಓದಿ ಹೇಳಿದಾಗ ಸ್ಟಾಫ್ ರೂಮಿನಲ್ಲಿ ನಮ್ಮ ಹಿಂದಿ ಟೀಚರು, “ಹಂಗಾದ್ರ ಈ ಸಲ ಗೆರಿ ಎಲ್ಲಿ ಎಳಿತಾರಂತ್ರೀ, ಶಿರಹಟ್ಟಿ ಯಾರ ಪಾಲಿಗೆ ಹೋಗ್ತದ?” ಎಂದು ಕೇಳಿದರು. ಎದ್ದು ಹೋಗಿ ಗೋಡೆಯ ಮೇಲಿನ ಜಿಲ್ಲಾ ನಕಾಶೆಯ ಮುಂದೆ ನಿಂತೆವು. ಅದು ಇನ್ನೂ ಅಖಂಡ ಧಾರವಾಡ ಜಿಲ್ಲೆಯದೇ ಇತ್ತು.