ಗೇರು ಇದ್ದ ಜಾಗ

ನಮ್ಮ ಮನೆತನದ ಇತಿಹಾಸದಲ್ಲಿ ಕಾರುಗಳು ಎರಡೇ. ಮೊದಲನೆಯದು, 1986ರಲ್ಲಿ ಅಪ್ಪ ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಪ್ರೀಮಿಯರ್ ಪದ್ಮಿನಿ. ಎರಡನೆಯದು, ಕೇಂದ್ರ ಸರಕಾರದ ನೌಕರಿ ನಮ್ಮನ್ನು ವಾಶಿಗೆ ತಂದ ಮೇಲೆ, ಅಣ್ಣತಮ್ಮಂದಿರಿಬ್ಬರೂ ಸೇರಿ 2009ರಲ್ಲಿ ಕೊಂಡ ಮಾರುತಿ 800.

ಲೆಕ್ಕದ ಹೋಲಿಕೆ ಸುಲಭ. ಪದ್ಮಿನಿಗೆ 1089 ಸಿಸಿಯ ನಾಲ್ಕು ಸಿಲಿಂಡರು, ಮಾರುತಿಗೆ 796 ಸಿಸಿಯ ಮೂರು. ಅಲ್ಲಿ ಹಿಂದಿನ ಗಾಲಿಗಳು ಗಾಡಿಯನ್ನು ನೂಕುತ್ತಿದ್ದವು. ಇಲ್ಲಿ ಮುಂದಿನವು ಎಳೆಯುತ್ತವೆ. ಆದರೆ ನಮಗೆ ನಿಜವಾದ ಅಂತರ ಗೇರಿನದು. ಪದ್ಮಿನಿಯಲ್ಲಿ ಅದು ಸ್ಟಿಯರಿಂಗಿನ ಕೆಳಗೇ ಇದ್ದುದರಿಂದ ಮುಂದಿನ ಆಸನ ಒಂದೇ ಬೆಂಚು. ಅಪ್ಪ-ಅಮ್ಮನ ನಡುವೆ ನಾವಿಬ್ಬರೂ ಹಿಡಿಸುತ್ತಿದ್ದೆವು. ಗೋಕರ್ಣದಿಂದ ಮರಳುವಾಗ, ಅರಬೈಲು ಘಟ್ಟ ಏರಿದೊಡನೆ ಎಂಜಿನ್ ತಣಿಯಲೆಂದು ಅಪ್ಪ ಗಾಡಿ ನಿಲ್ಲಿಸುವರು. ಅವರ ಕತೆಗಳನ್ನೆಲ್ಲ ನಾವು ಕೇಳಿದ್ದು ಆ ಬಿಡುವಿನಲ್ಲೇ.

ಮಾರುತಿ ಬಂದಾಗ ಅಪ್ಪ ಧಾರವಾಡದಿಂದ ಬಂದು ಚಾಲಕನ ಆಸನದಲ್ಲಿ ಕುಳಿತರು. ಎಡಗೈ ಅಭ್ಯಾಸಬಲದಿಂದ ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಎಳೆಯಿತು. ಬಿರುಬಿಸಿಲಿನಲ್ಲಿ ವೈಪರು ಓಡತೊಡಗಿತು. “ಗೇರು ಎಲ್ಲಿ ಹೋತಪಾ?” ಎಂದರು. ಗೇರು ಎರಡು ಆಸನಗಳ ನಡುವೆ, ನಾವು ಕೂರುತ್ತಿದ್ದ ಜಾಗದಲ್ಲಿತ್ತು. ಅಂದಿನಿಂದ ಆ ಕಾರಿನ ಮೇಲೆ ನಮಗೊಂದು ಸಣ್ಣ ಮುನಿಸು.

ಆ ಮುನಿಸು ಕರಗಿದ್ದು ಒಂದು ಮಳೆಗಾಲದ ನಡುರಾತ್ರಿ. ನಮ್ಮಲ್ಲಿಗೆ ಬಂದಿದ್ದ ಅಪ್ಪನಿಗೆ ಎದೆನೋವು. ಚೋಕ್ ಎಳೆದು ಎಂಜಿನ್ನನ್ನು ಓಲೈಸುವ ಕಾಲ ಅದಾಗಿರಲಿಲ್ಲ. ಕೀಲಿ ತಿರುವಿದೊಡನೆ ಮಾರುತಿ ಹೊರಟಿತು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಅಪ್ಪನ ತಲೆ. ಮುಂದೆ ನಾವಿಬ್ಬರು, ನಡುವೆ ಅದೇ ಗೇರು. ಸಕಾಲಕ್ಕೆ ತಂದಿರಿ ಎಂದರು ವೈದ್ಯರು. ಪದ್ಮಿನಿ ನಮಗೆ ಅಪ್ಪನ ಬಿಡುವನ್ನು ಕೊಟ್ಟಿತ್ತು. ಮಾರುತಿ ಅಪ್ಪನನ್ನೇ ಮರಳಿ ಕೊಟ್ಟಿತು.

ರೈಲು ಕುರ್ಲಾ ದಾಟುವಾಗಲೆಲ್ಲ “ನಮ್ಮ ಗಾಡಿ ಹುಟ್ಟಿದ ಊರು” ಎನ್ನುತ್ತಿದ್ದ ಅಪ್ಪ, 2023ರ ಅಕ್ಟೋಬರಿನಲ್ಲಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ ಮುಗಿದು ಅವು ತೆರೆಗೆ ಸರಿದ ಸುದ್ದಿಯನ್ನು ಎರಡು ಸಲ ಓದಿ, ಪತ್ರಿಕೆ ಮಡಚಿಟ್ಟರು. ಮರುವರ್ಷ ಮಾರುತಿಗೂ ಹದಿನೈದು ತುಂಬಿತು. ಮಾರಲು ಮನಸ್ಸಾಗದೆ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿದೆವು.

ಕಾಗದ ನೋಡಿ ಅಪ್ಪ, “ಇನ್ನೂ ಐದು ವರ್ಷ? ಸಾಕು ಬಿಡ್ರಪಾ” ಎಂದರು. ಗಾಡಿಗೆ ಹೇಳಿದರೋ ತಮಗೋ, ನಾವು ಕೇಳಲಿಲ್ಲ.