ಬೀಗವಿಲ್ಲದ ಖಾತೆಪುಸ್ತಕ

ನಮ್ಮದು ಮೂರು ತಲೆಮಾರುಗಳಿಂದ ನಡೆದು ಬಂದ ಅಡತಿ ಅಂಗಡಿ. ಸುತ್ತಣ ಹಳ್ಳಿಗಳ ರೈತರು ತರುವ ಗೋವಿನಜೋಳ, ಶೇಂಗಾಗಳನ್ನು ಮಾರಿಸಿಕೊಡುವುದು ನಮ್ಮ ಉದ್ಯೋಗ. ಲಿಂಗೈಕ್ಯ ತೀರ್ಥರೂಪರು ಪ್ರತಿ ಸಂಜೆ ಕಿರ್ದಿ, ಖತಾವಣಿಗಳನ್ನು ತಿಜೋರಿಯಲ್ಲಿಟ್ಟು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹಣದ ಪೆಟ್ಟಿಗೆಗಿಂತ ಖಾತೆಪುಸ್ತಕದ ಮೇಲೆಯೇ ಅವರಿಗೆ ಹೆಚ್ಚಿನ ಲಕ್ಷ್ಯ. ಯಾರ ಮೇಲೆ ಎಷ್ಟು ಬಾಕಿಯಿದೆ, ಯಾರ ಮನೆಯ ಮದುವೆಗೆ ಎಷ್ಟು ಮುಂಗಡ ಹೋಗಿದೆ ಎಂಬುದು ನೆರೆಯ ಅಂಗಡಿಯವರಿಗಿರಲಿ, ಮನೆಯಲ್ಲಿ ನಮಗೂ ತಿಳಿಯುತ್ತಿರಲಿಲ್ಲ.

೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ನಾವು ಸಹೋದರರಿಬ್ಬರೂ ಕೂಡಿ ಗಣಕಯಂತ್ರ ತಂದೆವು. ರೈತರ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಛಾಯಾಪ್ರತಿ ಎಲ್ಲವೂ ಅದರೊಳಗೆ ಸೇರಿದವು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಅಲ್ಲಿಂದಲೇ ಲೆಕ್ಕ ನೋಡಲೆಂದು, ಹೊರಗಿನಿಂದ ಒಳಹೊಗುವ ದಾರಿಯೊಂದನ್ನು ಹಗಲಿರುಳು ತೆರೆದಿಟ್ಟೆವು. ಗುಪ್ತಪದವೆಂದರೆ ಅಂಗಡಿಯ ಹೆಸರು, ಅದರ ಮುಂದೆ ಒಂದು, ಎರಡು, ಮೂರು. ನಮ್ಮ ಹಮಾಲರಿಗೂ ಅದು ಬಾಯಿಪಾಠವಾಗಿತ್ತು!

೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಜಾಲಕ್ಕೆ ಕಳ್ಳರು ನುಗ್ಗಿ, ಅಲ್ಲಿಯ ವೈದ್ಯರು ಅನೇಕ ದಿನ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತೆಂದು ಪತ್ರಿಕೆಯಲ್ಲಿ ಓದಿದೆವು. ದೊಡ್ಡವರಿಗೆ ಬರುವ ದೊಡ್ಡ ಕಷ್ಟವೆಂದು ಪತ್ರಿಕೆ ಮಡಿಚಿಟ್ಟೆವು. ಮೂರು ವಾರ ಕಳೆಯಲಿಲ್ಲ. ಒಂದು ಬೆಳಿಗ್ಗೆ ನಮ್ಮ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಬೆದರಿಕೆ. ಲೆಕ್ಕಗಳೆಲ್ಲ ಇದ್ದಲ್ಲೇ ಇವೆ, ಆದರೆ ಬೀಗ ಬಿದ್ದಿದೆ. ಕೀಲಿ ಬೇಕಾದರೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಡಬೇಕು. ಪ್ರತಿಯೊಂದು ಪೆನ್‌ಡ್ರೈವಿನಲ್ಲಿದೆಯಲ್ಲ ಎಂದು ಸಮಾಧಾನ ತಂದುಕೊಂಡೆವು. ಅದು ವರ್ಷವಿಡೀ ಯಂತ್ರಕ್ಕೆ ಚುಚ್ಚಿಯೇ ಇದ್ದುದರಿಂದ ಅದರೊಳಗಿನದಕ್ಕೂ ಬೀಗ ಬಿದ್ದಿತ್ತು.

ನಮ್ಮ ಹಿರಿಯ ಗುಮಾಸ್ತರು, ನಾವೆಷ್ಟು ನಗೆಯಾಡಿದರೂ, ಉದ್ರಿಯ ಲೆಕ್ಕವನ್ನು ಕೆಂಪು ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. “ಸಾವಕಾರ್ರ, ಆ ಪೆಟಗ್ಯಾಗ ಏನೈತೋ ನನಗ ಗೊತ್ತಿಲ್ಲ, ನನ್ನ ಪುಸ್ತಕದಾಗ ಏನೈತಿ ಅನ್ನೂದು ಗೊತ್ತೈತಿ” ಎಂದು ಅದನ್ನು ಮುಂದೆ ಇಟ್ಟರು. ಅದರಿಂದ ನಮ್ಮ ಬಾಕಿ ಉಳಿಯಿತು. ಕಳ್ಳರಿಗೆ ಹಣ ಕೊಡಲಿಲ್ಲ. ಕೊಟ್ಟರೂ ಕೀಲಿ ಸಿಕ್ಕೀತೆಂಬ ಭರವಸೆ ಏನಿತ್ತು?

ಆದರೆ ಇಂಥ ಕಳ್ಳರು ಎಷ್ಟೋ ಬಾರಿ ಬೀಗ ಹಾಕುವ ಮೊದಲೇ ಒಳಗಿನದನ್ನು ನಕಲು ಮಾಡಿಕೊಳ್ಳುತ್ತಾರೆ. ಅಂಗಡಿಯ ಹೆಸರು ಕೆಟ್ಟೀತೆಂಬ ಭಯದಿಂದ ನಾವು ರೈತರಿಗೆ ಒಂದು ಮಾತೂ ಹೇಳದೆ ಸುಮ್ಮನಿದ್ದೆವು. ಒಂಬತ್ತನೆಯ ದಿನ ನಮ್ಮ ಹಳೆಯ ರೈತರೊಬ್ಬರು ಬಂದು, ಬ್ಯಾಂಕಿನವರೆಂದು ಯಾರೋ ಫೋನು ಮಾಡಿ ತಮ್ಮ ಖಾತೆಯ ಸಂಖ್ಯೆಯನ್ನು ತಪ್ಪಿಲ್ಲದೆ ಓದಿ ಓ.ಟಿ.ಪಿ. ಕೇಳಿದರೆಂದು ಹೇಳಿದರು. ಅವರು ಕೊಟ್ಟಿರಲಿಲ್ಲ. ಆ ಸಂಖ್ಯೆ ಹೋದದ್ದು ನಮ್ಮಿಂದಲೋ ಬೇರೆಡೆಯಿಂದಲೋ ಇಂದಿಗೂ ತಿಳಿಯದು. ಅಂದು ಅವರಿಗೆ ಚಹಾ ಕೊಡುವಾಗ ನಮ್ಮ ಕೈ ನಡುಗಿದ್ದು ಮಾತ್ರ ನಿಜ.

ರಾತ್ರಿ ಮಾತೋಶ್ರೀಯವರಿಗೆ ಎಲ್ಲವನ್ನೂ ಅರುಹಿದೆವು. “ಮಂದೀ ಗಂಟು ಕಳದೀರಿ. ಕಳದದ್ದು ಹೇಳದಿದ್ರ ನೀವs ಕದ್ದಂಗ” ಎಂದು ಬಿಟ್ಟರು. ಮರುದಿನದಿಂದ ಹಳ್ಳಿ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ನಡೆದುದನ್ನು ಹೇಳಿದೆವು. ಯಾರಿಗೂ ಓ.ಟಿ.ಪಿ. ಹೇಳಬೇಡಿರೆಂದೂ, ಹಣ ಹೋದರೆ ತಡಮಾಡದೆ ೧೯೩೦ಕ್ಕೆ ಫೋನು ಮಾಡಿರೆಂದೂ ಕೈಮುಗಿದು ಕೇಳಿಕೊಂಡೆವು. ಇಂಥ ದಾಳಿಯನ್ನು ತಿಳಿದ ೬ ಗಂಟೆಗಳೊಳಗೆ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ ನಿರ್ದೇಶನ ೨೦೨೨ರ ಏಪ್ರಿಲಿನಲ್ಲೇ ಹೊರಟಿತ್ತಂತೆ. ನಮಗೆ ತಿಳಿದದ್ದು ಆಮೇಲೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಂತೂ, ಮಾಹಿತಿ ಸೋರಿದರೆ ಆಯಾ ವ್ಯಕ್ತಿಗೂ ತಿಳಿಸಬೇಕೆನ್ನುತ್ತದೆ. ರಕ್ಷಣೆಯಲ್ಲಿ ಲೋಪವಾದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ಓದು ಬಾರದ ಮಾತೋಶ್ರೀಯವರು ಆ ಕಾನೂನಿಗಿಂತ ಮುಂಚೆಯೇ ನುಡಿದಿದ್ದರು.

ಈಗ ಹೊರಗಿನ ದಾರಿ ಮುಚ್ಚಿದ್ದೇವೆ. ಅಣ್ಣನ ಮಗನಿಗೆ ಲೆಕ್ಕ ಬೇಕಾದರೆ ಫೋನು ಮಾಡುತ್ತಾನೆ. ಗುಪ್ತಪದ ಗೊತ್ತಿರುವುದು ಇಬ್ಬರಿಗೆ ಮಾತ್ರ. ಬೇಡವಾದ ಆಧಾರ್ ಪ್ರತಿಗಳನ್ನೆಲ್ಲ ಅಳಿಸಿಹಾಕಿದೆವು. ಇಲ್ಲದ್ದನ್ನು ಯಾರು ಕದ್ದಾರು? ತಂತ್ರಾಂಶದ ಕಂಪನಿಗಳು ಕಳಿಸುವ ತಿದ್ದುಪಡಿಗಳನ್ನು ನಾಳೆಗೆ ದೂಡುವುದಿಲ್ಲ. ೨೦೧೭ರ ಮೇ ತಿಂಗಳಲ್ಲಿ ನೂರೈವತ್ತು ದೇಶಗಳನ್ನು ಕಾಡಿದ ವಾನ್ನಾಕ್ರೈಗೆ ಮದ್ದು ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಲೆಕ್ಕದ ಪ್ರತಿಗಳು ಮೂರು: ಒಂದು ಯಂತ್ರದಲ್ಲಿ, ಇನ್ನೊಂದು ತಿಜೋರಿಯ ಡಿಸ್ಕಿನಲ್ಲಿ, ಮತ್ತೊಂದು ಪ್ರತಿ ಶನಿವಾರ ಧಾರವಾಡದ ತಂಗಿಯ ಮನೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡುತ್ತೇವೆ. ತೆರೆಯಲಾರದ ಪ್ರತಿಯಿದ್ದೇನು ಪ್ರಯೋಜನ? ಗುಮಾಸ್ತರ ಕೆಂಪು ಪುಸ್ತಕವೂ ನಡೆದಿದೆ. ಈಗ ಯಾರೂ ನಗುವುದಿಲ್ಲ.

ಅಂದು ಕಟ್ಟೆಯ ಮೇಲೆ ನಮ್ಮ ಮಾತು ಕೇಳಿದವರಲ್ಲಿ ಬಹುಮಂದಿ ಇಂದಿಗೂ ನಮ್ಮಲ್ಲಿಗೇ ಮಾಲು ತರುತ್ತಾರೆ. ಇಬ್ಬರು ಮಾತ್ರ ಆ ಹಂಗಾಮಿನಿಂದ ಬೇರೆ ಅಂಗಡಿಗೆ ಹೋಗುತ್ತಿದ್ದಾರೆ. ಸಂತೆಯಲ್ಲಿ ಎದುರಾದಾಗ ಅವರು ಶರಣು ಎನ್ನುತ್ತಾರೆ. ನಾವೂ ಶರಣು ಎನ್ನುತ್ತೇವೆ.