ಬತ್ತದ ಬಾವಿ

ಉಪ್ಪಳದ ಕೈಕಂಬದಲ್ಲಿ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದ ಬಸ್ಸು ಪೈವಳಿಕೆಯನ್ನು ದಾಟಿ ಬಾಯಾರಿನತ್ತ ಏರತೊಡಗಿದಂತೆ ಕಡಲ ಗಾಳಿ ಹಿಂದುಳಿಯುತ್ತದೆ. ಮುಂದೆ ಕಾಣುವುದು ಮುರಕಲ್ಲಿನ ಬೋಳು ಗುಡ್ಡಗಳು. ಅವುಗಳ ಬುಡದ ಕಣಿವೆಗಳಲ್ಲಿ ದಟ್ಟವಾಗಿ ನಿಂತ ಅಡಿಕೆ ತೋಟಗಳು. ಬಸ್ಸಿನ ಫಲಕ ಮಲೆಯಾಳದಲ್ಲಿದ್ದರೆ ಒಳಗಿನ ಮಾತು ತುಳುವಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಗುಡ್ಡಗಳ ಮನೆಮಾತು ಮಾತ್ರ ಇದ್ದಲ್ಲೇ ಉಳಿಯಿತು.

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಆದರೂ ಮಾರ್ಚ್ ತಿಂಗಳು ಬಂತೆಂದರೆ ಇಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ. ಮುರಕಲ್ಲು ಮಳೆಯನ್ನು ಬೇಗನೆ ಕುಡಿಯುತ್ತದೆ, ಅಷ್ಟೇ ಬೇಗನೆ ಬಿಟ್ಟುಕೊಡುತ್ತದೆ. ಹಾಗಾಗಿ ಹಿರಿಯರು ಗುಡ್ಡದ ಹೊಟ್ಟೆಗೇ ದಾರಿ ಕೊರೆದರು. ಅದೇ ಸುರಂಗ. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸಬಹುದಾದಷ್ಟು ಎತ್ತರ, ಭುಜ ಹಿಡಿಸುವಷ್ಟೇ ಅಗಲ. ಕೆಲವು ಹತ್ತು ಮೀಟರಿಗೆ ನಿಂತರೆ, ಕೆಲವು ನೂರಾರು ಮೀಟರ್ ಒಳಗೆ ಹೋಗಿವೆ. ಒಳಗಿನ ಒರತೆ ತಾನಾಗಿ ಹರಿದು ಅಂಗಳದ ಟಾಂಕಿಗೆ ಬರುತ್ತದೆ. ವಿದ್ಯುತ್ತು ಬೇಡ, ಹಗ್ಗ ಬೇಡ, ರಾಟೆಯೂ ಬೇಡ.

ಈ ವಿದ್ಯೆಯೂ ಸುಮ್ಮನೆ ಬಂದುದಲ್ಲ. ಒಳಗೆ ಹಚ್ಚಿಟ್ಟ ಮೊಂಬತ್ತಿ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹೊರಬರಬೇಕು. ಮಣ್ಣು ಮೆದುವಾದರೆ ಮೇಲಿನ ಛಾವಣಿಯನ್ನು ನಂಬಬಾರದು. ಗಡಿಯಾಚೆಯ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಹಗಲು ಕೂಲಿ ದುಡಿದು, ಉಳಿದ ಹೊತ್ತಿನಲ್ಲಿ ಒಬ್ಬರೇ ಸುರಂಗ ತೋಡಿದವರು. ಹಲವು ಸುರಂಗಗಳಲ್ಲಿ ನೀರು ಕಾಣದಿದ್ದರೂ ಕೈಬಿಡದೆ ತೋಡಿ ಬೋಳುಗುಡ್ಡವನ್ನು ತೋಟ ಮಾಡಿದ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಸೋಲಿನಿಂದ ಕಲಿತ ಇಂಥ ಪಾಠಗಳು ಬಾಯಿಂದ ಬಾಯಿಗೆ, ಮನೆಮಾತಿನಲ್ಲೇ, ಮುಂದಿನ ತಲೆಮಾರಿಗೆ ದಾಟಿದವು.

ಕೊಳವೆಬಾವಿ ಬಂದಾಗ ಹಾಗಾಗಲಿಲ್ಲ. ಬಾಯಾರಿನ ಒಂದು ಗುಡ್ಡದ ಮಗ್ಗುಲಿನ ಮನೆಯ ಕಥೆ ಅದಕ್ಕೆ ಸಾಕ್ಷಿ.

ಆ ಮನೆಗೆ ಎರಡು ಎಕರೆ ಅಡಿಕೆ ತೋಟ. ಕುಡಿಯಲು ಅಜ್ಜನ ಕಾಲದ ಸುರಂಗದ ನೀರು, ತೋಟಕ್ಕೆ ಕೊಳವೆಬಾವಿ. ಬಾವಿಯೊಳಗೆ ನೀರಿನಲ್ಲೇ ಮುಳುಗಿ ತಿರುಗುವ ತ್ರೀ ಫೇಸ್ ಮೋಟಾರು. ಇಳಿಸಿದವರು ಗುಂಡಿ ಒತ್ತಿ ತೋರಿಸಿದರು, ಅಚ್ಚಾದ ಒಂದು ಕೈಪಿಡಿಯನ್ನು ಕೊಟ್ಟು ಹೋದರು. ಯಜಮಾನರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಂಪುಶೆಡ್ಡಿನ ಮೊಳೆಗೆ ನೇತುಹಾಕಿದರು. ಹಸಿರು ಗುಂಡಿ ಒತ್ತಿದರೆ ನೀರು, ಕೆಂಪು ಒತ್ತಿದರೆ ನಿಲುಗಡೆ. ಮೂರು ಬೇಸಗೆ ಅಷ್ಟೇ ಸಾಕಾಯಿತು.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಹಲಸಿನ ಕೊಂಬೆಯೊಂದು ಬಿದ್ದು ಕಂಬದಿಂದ ಪಂಪುಶೆಡ್ಡಿಗೆ ಬರುವ ತಂತಿ ಕಡಿಯಿತು. ದುರಸ್ತಿ ಮಾಡಿದವರು ತಂತಿ ಜೋಡಿಸಿ ಹೋದರು. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡವಾದ್ದರಿಂದ ಮೋಟಾರನ್ನು ಯಾರೂ ಚಾಲೂ ಮಾಡಲಿಲ್ಲ. ಡಿಸೆಂಬರಿನಲ್ಲಿ ಗುಂಡಿ ಒತ್ತಿದಾಗ ಪೈಪಿನ ಬಾಯಲ್ಲಿ ಬಂದದ್ದು ಕಿರುಬೆರಳು ಗಾತ್ರದ ಧಾರೆ.

"ಬಾವಿ ಬತ್ತಿತು" ಎಂದರು ಯಜಮಾನರು.

"ಡಿಸೆಂಬರಿನಲ್ಲೇ ಬತ್ತುವುದುಂಟೇ ಮಗಾ? ಸುರಂಗದಲ್ಲಿ ನೀರು ಒಂದಿಷ್ಟೂ ಇಳಿದಿಲ್ಲ" ಎಂದರು ಅವರ ತಾಯಿ.

ಸುರಂಗದ ನೀರು ಬೇರೆ, ಬಂಡೆಯಾಳದ ನೀರು ಬೇರೆ ಎಂಬುದು ಮಗನ ಉತ್ತರ. ಆ ಮಾತು ತಪ್ಪೇನೂ ಅಲ್ಲ. ಆದರೆ ಮುದುಕಿಯ ಸಂಶಯಕ್ಕೆ ಒಂದು ದಿನದ ಬಿಡುವು ಕೊಟ್ಟಿದ್ದರೆ ಮುಂದಿನ ನಷ್ಟ ತಪ್ಪುತ್ತಿತ್ತು. ಎಳೆಯ ಅಡಿಕೆ ಸಸಿಗಳು ಬಾಡತೊಡಗಿದ್ದವು. ಮಡದಿಯ ಸರ, ಮಗಳಿಗೆಂದು ತೆಗೆದಿಟ್ಟ ಬಳೆ ಬ್ಯಾಂಕಿನಲ್ಲಿ ಅಡವಾದವು. ರಿಗ್ ಯಂತ್ರದ ಲಾರಿ ಗುಡ್ಡವೇರಿ ಬಂತು. ಇರುಳಿಡೀ ಕೊರೆದು 420 ಅಡಿ ತಲುಪಿದರೂ ಮೇಲಕ್ಕೆ ಹಾರಿದ್ದು ಬಿಳಿಯ ಕಲ್ಲುಹುಡಿ. ಬೆಳಗಾಗುವಾಗ ಅಂಗಳದ ತುಳಸಿಯೂ ಬೆಳ್ಳಗಾಗಿತ್ತು.

ಹಳೆಯ ಬಾವಿಯ ಮೋಟಾರನ್ನಾದರೂ ಮೇಲೆತ್ತಿ ಮಾರೋಣವೆಂದು ಉಪ್ಪಳದಿಂದ ಮೋಟಾರು ರಿಪೇರಿಯವರನ್ನು ಕರೆಸಿದರು. ಬಂದ ವ್ಯಕ್ತಿ ಸರಪಳಿ, ಕಪ್ಪಿಗಳನ್ನು ಇಳಿಸುವ ಮೊದಲು ಒಮ್ಮೆ ಚಾಲೂ ಮಾಡಿಸಿ, ಪೈಪಿಗೆ ಕಿವಿಯಿಟ್ಟು ಕೇಳಿದರು. ಸ್ಟಾರ್ಟರಿನ ಮೇಲಿನ ಆಂಪಿಯರ್ ಮುಳ್ಳನ್ನು ನೋಡಿದರು. ಬಳಿಕ ಒಂದೇ ಪ್ರಶ್ನೆ:

"ಮಳೆಗಾಲದಲ್ಲಿ ತಂತಿ ಏನಾದರೂ ಕಡಿದಿತ್ತಾ ಅಣ್ಣಾ?"

ಹೌದೆಂಬ ಉತ್ತರ ಬಂದಾಗ ಅವರು ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡು, ಮೂರು ತಂತಿಗಳಲ್ಲಿ ಎರಡನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಬದಲಿಸಿ ಬಿಗಿದರು. ಐದು ನಿಮಿಷದ ಕೆಲಸ. ಗುಂಡಿ ಒತ್ತಿದಾಗ ಪೈಪಿನ ಬಾಯಿ ತುಂಬಿ ನೀರು ಚಿಮ್ಮಿತು.

"ಬಾವಿ ಬತ್ತಿರಲಿಲ್ಲ. ಮೋಟಾರು ಉಲ್ಟಾ ತಿರುಗುತ್ತಿತ್ತು."

ತ್ರೀ ಫೇಸ್ ಮೋಟಾರಿನ ಗುಣವೇ ಅದು. ಮೂರು ತಂತಿಗಳಲ್ಲಿ ಯಾವುದೇ ಎರಡು ಅದಲುಬದಲಾದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಪಂಪಿನ ರೆಕ್ಕೆಗಳ ಬಾಗು ಒಂದೇ ದಿಕ್ಕಿಗೆ ಹೊಂದುವಂತಿರುವುದರಿಂದ ಹಿಮ್ಮುಖ ತಿರುಗಿದಾಗ ನೀರನ್ನು ಎತ್ತುವ ಬಲ ಕುಂದುತ್ತದೆ. ಶಬ್ದ ಇರುತ್ತದೆ, ಸಣ್ಣ ಧಾರೆಯೂ ಇರಬಹುದು. ಮೋಟಾರು ಕಣ್ಣಿಗೆ ಕಾಣದ ಆಳದಲ್ಲಿರುವುದರಿಂದ ನೋಡಿದವರಿಗೆ ಬಾವಿ ಬತ್ತಿದಂತೆಯೇ ತೋರುತ್ತದೆ.

ಯಜಮಾನರು ಅಂದು ಸಂತೋಷಪಡಲಿಲ್ಲ. ಹೊಸ ಬಾವಿಯ ಪಕ್ಕದ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದರು. ತಾಯಿ ಹತ್ತಿರ ಬಂದು ಒಂದು ಲೋಟ ಮಜ್ಜಿಗೆ ಕೊಟ್ಟರು. ಡಿಸೆಂಬರಿನ ಮಾತನ್ನು ನೆನಪಿಸಲಿಲ್ಲ.

ಮೊಳೆಯಲ್ಲಿದ್ದ ಚೀಲವನ್ನು ಬಿಚ್ಚಿದವಳು ಏಳನೆಯ ತರಗತಿಯ ಮಗಳು. ಕೈಪಿಡಿ ಇಂಗ್ಲಿಷ್, ಹಿಂದಿ, ಮಲೆಯಾಳಗಳಲ್ಲಿತ್ತು. ಮನೆಯಲ್ಲಿ ಹಿರಿಯರಾರೂ ಓದಬಲ್ಲ ಅಕ್ಷರಗಳಲ್ಲ. ಅವಳು ಕನ್ನಡ ಮಾಧ್ಯಮದ ಶಾಲೆಯವಳಾದರೂ ಶಾಲೆಯಲ್ಲಿ ಮಲೆಯಾಳವನ್ನೂ ಕಲಿಯುತ್ತಿದ್ದಳು. ಅಕ್ಷರ ಕೂಡಿಸಿ ಕೂಡಿಸಿ ಓದಿ, ತಿಳಿಯದ ಪದಗಳನ್ನು ಮರುದಿನ ಅಧ್ಯಾಪಕಿಯಲ್ಲಿ ಕೇಳಿದಳು. ಮೂರನೆಯ ಪುಟದಲ್ಲೇ ಇತ್ತು: ನೀರು ಕಡಿಮೆ ಬಂದರೆ ಮೊದಲು ತಿರುಗುವ ದಿಕ್ಕನ್ನು ಪರೀಕ್ಷಿಸಬೇಕು.

ಈಗ ಆ ಪಂಪುಶೆಡ್ಡಿನ ಗೋಡೆಯಲ್ಲಿ ಅವಳ ದುಂಡಕ್ಷರದ ಒಂದು ಹಾಳೆ ಅಂಟಿದೆ. ನೀರಿಲ್ಲದೆ ಮೋಟಾರನ್ನು ಓಡಿಸಬಾರದು. ಅದನ್ನು ತಣಿಸುವುದು ಬಾವಿಯ ನೀರೇ. ಮೂರರಲ್ಲಿ ಒಂದು ಫೇಸ್ ಇಲ್ಲದಾಗ ಚಾಲೂ ಮಾಡಿದರೆ ಸುರುಳಿ ಸುಟ್ಟೀತು. ಎಲ್ಲವೂ ಸರಿಯಿರುವ ದಿನ ಆಂಪಿಯರ್ ಮುಳ್ಳು ಎಲ್ಲಿ ನಿಲ್ಲುವುದೆಂದು ಬರೆದಿಡಬೇಕು. ಮುಂದೆ ವ್ಯತ್ಯಾಸ ತಿಳಿಯಲು ಅದೇ ಆಧಾರ. ತಂತಿ ದುರಸ್ತಿಯಾದ ಮೇಲೆ ಕೂಡಲೇ ಒಮ್ಮೆ ನೀರು ಬಿಟ್ಟು ನೋಡಬೇಕು. ಪೆಟ್ಟಿಗೆಯನ್ನು ತಿಳಿದವರಲ್ಲದೆ ಬೇರಾರೂ ತೆರೆಯಬಾರದು.

ನೆರೆಮನೆಗಳವರು ಬಂದು ಆ ಹಾಳೆಯನ್ನು ನಕಲು ಮಾಡಿಕೊಂಡು ಹೋಗಿದ್ದಾರೆ. ಬತ್ತಿದ ಹೊಸ ಬಾವಿಯ ಬಾಯಿಗೆ, ಮಕ್ಕಳು ಬೀಳದಂತೆ, ಕಬ್ಬಿಣದ ಮುಚ್ಚಳ ಬಿಗಿಯಲಾಗಿದೆ. ಸರ ಬಿಡಿಸಿಕೊಂಡಾಗಿದೆ, ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಹಾಳೆಯ ಕೊನೆಯಲ್ಲಿ, ಮಗಳ ಅಕ್ಷರದ ಕೆಳಗೆ, ಯಜಮಾನರು ತಮ್ಮ ಕೈಯಿಂದ ಒಂದು ಸಾಲು ಸೇರಿಸಿದ್ದಾರೆ:

"ಮನೆಯ ಹಿರಿಯರು ಸಂಶಯಪಟ್ಟರೆ ಒಂದು ದಿನ ಕಾಯಬೇಕು."